ಬಳ್ಳಾರಿಯದಲ್ಲದ ಬಳ್ಳಾರಿ ಜಾಲಿ

ರಾಯದುರ್ಗ, ಆದೋನಿ ಸೀಮೆಯ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಗಡಿ ಆಯೋಗ ಅಂತ ಹೋಗ್ತೀವಿ. ನಾನಿಲ್ಲಿ ಒಂದು ಮುಳ್ಳುಗಿಡದ ಹೆಸರನ್ನು ಹಿಡಿದು ಹೊರಟಿದ್ದೇನೆ.

ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ, ಜಾಲಿಯೂ ಅಲ್ಲ. ಅದರ ತವರು ಅಮೆರಿಕ ಖಂಡದ ಬಿಸಿನಾಡು. ಬರದ ಕಾಲದಲ್ಲಿ, 1877ರಲ್ಲಿ, ಮದ್ರಾಸ್ ಸರ್ಕಾರದ ಅರಣ್ಯ ಇಲಾಖೆ ಅದನ್ನು ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಡಿಸಿತು. ಒಣನೆಲದಲ್ಲೂ ಉರುವಲು ಸಿಗಲಿ ಅನ್ನೋದು ಲೆಕ್ಕಾಚಾರ. ತೆಲುಗಿನವರು ಇದನ್ನು 'ಸರ್ಕಾರು ತುಮ್ಮ' ಅಂತಾರೆ. ತಂದವರು ಯಾರು ಅನ್ನೋದು ಹೆಸರಲ್ಲೇ ಉಳಿದಿದೆ. ತಮಿಳಿನ 'ಸೀಮೈ ಕರುವೇಲಂ'ನಲ್ಲಿ ಪರದೇಶದ ನೆನಪಿದೆ. ನಮ್ಮ ಹೆಸರು ಮಾತ್ರ ಗಿಡಕ್ಕೆ ಇಲ್ಲಿನ ವಿಳಾಸವನ್ನೇ ಕೊಟ್ಟುಬಿಟ್ಟಿತು. ಕರಿಜಾಲಿ, ಬಿಳಿಜಾಲಿ ಅಂತ ತೊಗಟೆ ನೋಡಿ ಹೆಸರಿಡುತ್ತಿದ್ದ ಭಾಷೆ ಇದು, ಗಮನಿಸಿ.

ಇದು ಬರೀ ಪದದ ಮಾತಲ್ಲ. ಕರಿಜಾಲಿ ಕೆಳಗೆ ಹುಲ್ಲು ಬರುತ್ತೆ, ಕುರಿ ಮಲಗುತ್ತೆ. ಬಳ್ಳಾರಿ ಜಾಲಿಯ ಉದುರೆಲೆಯಲ್ಲಿರುವ ರಾಸಾಯನಿಕಗಳು ಬೇರೆ ಗಿಡಗಳ ಮೊಳಕೆಯನ್ನು ತಡೆಯುತ್ತವೆ. ದನ, ಕುರಿ, ಮೇಕೆ ಸಿಹಿಯಾದ ಕಾಯನ್ನು ತಿಂದು, ಜೀರ್ಣವಾಗದ ಬೀಜವನ್ನು ಸೆಗಣಿ, ಹಿಕ್ಕೆಗಳ ಜೊತೆ ಊರೆಲ್ಲ ಬಿತ್ತುತ್ತವೆ. ಗೋಮಾಳ, ಹಳ್ಳದ ದಂಡೆ, ಕೆರೆಯಂಗಳ ಮೊದಲು ಹೋಗೋದು ಇದಕ್ಕೇ. ಬುಡಕ್ಕೆ ಕಡಿದರೂ ಮತ್ತೆ ಚಿಗುರುತ್ತೆ. ದಸರೆಯಲ್ಲಿ ನಾವು ಪೂಜಿಸುವ ಬನ್ನಿ ಇದರ ಹತ್ತಿರದ ನೆಂಟ. ಭಾರತದಲ್ಲಿ ಇವೆರಡನ್ನೂ ಹೋಲಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಜಾಲಿಯ ಕೆಳಗೆ ಸಸ್ಯಪ್ರಭೇದಗಳ ಸಂಖ್ಯೆ ತೀರಾ ಕುಸಿದಿತ್ತು. ಬನ್ನಿ ಕೆಳಗೆ ಹಾಗಾಗಿರಲಿಲ್ಲ. ನೆಂಟಸ್ತಿಕೆಗಿಂತ ಒಂದೇ ನೆಲದಲ್ಲಿ ಕೂಡಿ ಬಾಳಿದ ಕಾಲವೇ ದೊಡ್ಡದು ಅಂತ ನನಗನ್ನಿಸುತ್ತೆ.

ಹಾಗಂತ ಪೂರಾ ಕಿತ್ತು ಹಾಕಿ ಅನ್ನೋದು ಸುಲಭದ ಮಾತು. ಇದರ ಸೌದೆಯಿಂದಲೇ ಒಲೆ ಉರಿಸುವ, ಇದ್ದಿಲು ಸುಟ್ಟು ಬದುಕುವ ಮನೆಗಳಿವೆ. ಅವರಿಗೆ ಬದಲಿ ಸೌದೆ ಎಲ್ಲಿಂದ?

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಗಿಡಕ್ಕೆ ಆ ಗೆರೆ ಕಾಣಲಿಲ್ಲ. ಅಲ್ಲಿನ ಕನ್ನಡದ ಮಕ್ಕಳಿಗೆ ಗಿಡಮೂಲಿಕೆಯ ಹೆಸರು ಬರೋದು ಪಠ್ಯದಿಂದ ಕಡಿಮೆ, ಕುರಿ ಹಿಂದೆ ನಡೆದ ಅಜ್ಜಂದಿರ ಬಾಯಿಂದಲೇ ಹೆಚ್ಚು. ತಂಗಡಿ, ತುಂಬೆ, ನೆಗ್ಗಿಲು ಕಣ್ಣೆದುರು ಇಲ್ಲದಿದ್ದರೆ ಆ ಅಜ್ಜ ಬೆರಳು ಮಾಡಿ ತೋರಿಸೋದು ಏನನ್ನು? ನಮ್ಮ ವಿಭಾಗದ ಪದಸಂಗ್ರಹ ಕಾರ್ಯ ಗಡಿಯ ಎರಡೂ ಬದಿಯ ಕುರಿಗಾಹಿಗಳಿಂದ ಶುರುವಾಗಲಿ, ಅದೂ ಮಳೆಗಾಲದಲ್ಲಿ, ಹುಲ್ಲು ಕಾಣುವಾಗ.