ಡಿಗೋಸ್ಟಿಂಗ್

ಕಡಲಿನ ಸೈಸ್ಮಿಕ್ ಸಮೀಕ್ಷೆಯ ದತ್ತಾಂಶದಿಂದ ಸಮುದ್ರದ ಮೇಲ್ಮೈಯ ಪ್ರತಿಫಲನಗಳನ್ನು ತೆಗೆಯುವ ಸಂಸ್ಕರಣಾ ವಿಧಾನ. ಏರ್‌ಗನ್ ಹೊರಡಿಸಿದ ಶಬ್ದದ ಅಲೆ ತಳದಡಿಯ ಶಿಲಾಪದರಗಳಿಗೆ ತಾಗಿ ಮರಳಿದಾಗ, ಹಡಗು ಎಳೆದೊಯ್ಯುವ ಸ್ಟ್ರೀಮರ್ ಕೇಬಲ್ಲಿನ ಹೈಡ್ರೋಫೋನುಗಳು ಅದನ್ನು ದಾಖಲಿಸುತ್ತವೆ. ಅಲೆ ಅಲ್ಲಿಗೇ ನಿಲ್ಲದೆ ಮೇಲೇರಿ, ನೀರು-ಗಾಳಿಯ ಗಡಿಗೆ ಬಡಿದು, ಚಿಹ್ನೆ ಬದಲಿಸಿಕೊಂಡು ಮತ್ತೆ ಕೇಬಲ್ಲಿಗೆ ಇಳಿಯುತ್ತದೆ. ಇದು ಗೋಸ್ಟ್. ಏರ್‌ಗನ್ನಿನ ಬಳಿಯೂ ಇಂಥದ್ದೇ ಒಂದು ಹುಟ್ಟುತ್ತದೆ. ಶಾಂತ ಕಡಲಿನಲ್ಲಿ ಪ್ರತಿಫಲನಾಂಕ −1ಕ್ಕೆ ಹತ್ತಿರವಾದ್ದರಿಂದ ಗೋಸ್ಟ್ ಮೂಲ ಸಂಕೇತದಷ್ಟೇ ಪ್ರಬಲ.

ಎರಡೂ ಬೆರೆತಾಗ ಕೆಲವು ಆವರ್ತನಗಳು ಅಳಿಸಿಹೋಗುತ್ತವೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್ ಎಂದಿಟ್ಟುಕೊಂಡರೆ, 7.5 ಮೀಟರ್ ಆಳದ ಕೇಬಲ್ಲಿಗೆ ನೇರವಾಗಿ ಬರುವ ಅಲೆಯಲ್ಲಿ 100 ಹರ್ಟ್ಸ್ ಮಾಯ. 25 ಮೀಟರಿಗೆ ಇಳಿಸಿದರೆ 30 ಹರ್ಟ್ಸ್. ಮೇಲಿಟ್ಟರೆ ಕೆಳ ಆವರ್ತನಗಳು ಕ್ಷೀಣಿಸಿ ಕಡಲಲೆಗಳ ಗದ್ದಲ ಹೆಚ್ಚುತ್ತದೆ. ಸಮೀಕ್ಷಕರಿಗೆ ಇದು ಬಹುಕಾಲದ ಇಕ್ಕಟ್ಟು.

ಪಿಜಿಎಸ್ ಕಂಪನಿ 2007ರಲ್ಲಿ ತಂದ ಜಿಯೋಸ್ಟ್ರೀಮರ್ ಒತ್ತಡದ ಜೊತೆಗೆ ನೀರಿನ ಕಣಗಳ ಲಂಬ ವೇಗವನ್ನೂ ಅಳೆಯುತ್ತದೆ. ಮೇಲೇರುವ ಮತ್ತು ಇಳಿಯುವ ಅಲೆಗಳಿಗೆ ಈ ಎರಡು ಅಳತೆಗಳ ಸಂಬಂಧ ವಿರುದ್ಧ ಚಿಹ್ನೆಯದು. ಸರಿದೂಗಿಸಿ ಕೂಡಿದರೆ ಗೋಸ್ಟ್ ರದ್ದಾಗುತ್ತದೆ. ಕೇಬಲ್ಲಿನ ಆಳವನ್ನು ಉದ್ದಕ್ಕೂ ಬದಲಿಸುವುದು ಇನ್ನೊಂದು ದಾರಿ. ಬರಿಯ ಗಣಿತದಿಂದಲೂ ತೆಗೆಯಬಹುದು, ಆದರೆ ಅಳಿಸಿಹೋದ ಆವರ್ತನಗಳ ಬಳಿ ಗದ್ದಲವೇ ಉಬ್ಬುವ ಅಪಾಯವಿದೆ. ಮೇಲ್ಮೈ ಸಮತಟ್ಟೆಂಬ ಊಹೆ ಒರಟು ಕಡಲಿನಲ್ಲಿ ನಿಲ್ಲುವುದೂ ಇಲ್ಲ.

ಮೇಲ್ಮೈಯಿಂದ ಮತ್ತೆ ತಳಕ್ಕಿಳಿದು ಮರಳುವ ‘ಮಲ್ಟಿಪಲ್’ ಅಲೆಗಳು ಬೇರೆ; ಅವುಗಳ ನಿವಾರಣೆಗೆ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ವರ್ಷೂರ್, ಬರ್ಕ್‌ಹೌಟ್ ಮತ್ತು ವಾಪೆನಾರ್ ರೂಪಿಸಿದ ವಿಧಾನ 1992ರಲ್ಲಿ ಪ್ರಕಟವಾಯಿತು.