ಎರಡು ಗಣರಾಜ್ಯಗಳು, ಇಬ್ಬರು ಪರದೇಶಿಗಳು

1793ರ ಡಿಸೆಂಬರಿನಿಂದ 1794ರ ಫೆಬ್ರವರಿಯವರೆಗಿನ ಮೂರು ತಿಂಗಳಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳ ಎರಡು ಹೊಸ ಗಣರಾಜ್ಯಗಳು ತಮ್ಮ ಶಾಸನಸಭೆಗಳಿಂದ ಒಬ್ಬೊಬ್ಬ ವಲಸಿಗನನ್ನು ಹೊರಗಿಟ್ಟವು. ಪ್ಯಾರಿಸಿನಲ್ಲಿ ಸ್ಥಾನ ಕಳೆದುಕೊಂಡವನು ಇಂಗ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ಪೇನ್. ಆಗ ಅಮೆರಿಕದ ರಾಜಧಾನಿಯಾಗಿದ್ದ ಫಿಲಡೆಲ್ಫಿಯಾದಲ್ಲಿ ಕಳೆದುಕೊಂಡವನು ಜಿನೀವಾದಲ್ಲಿ ಹುಟ್ಟಿದ ಆಲ್ಬರ್ಟ್ ಗ್ಯಾಲಟಿನ್. ಇಬ್ಬರ ಮೇಲಿನ ಆಕ್ಷೇಪಕ್ಕೂ ಹುಟ್ಟಿದ ನೆಲವೇ ಆಧಾರ.

ಪೇನ್ 1774ರಲ್ಲಿ ಅಮೆರಿಕಕ್ಕೆ ವಲಸೆ ಬಂದವನು. 1776ರ ಜನವರಿಯಲ್ಲಿ ಪ್ರಕಟವಾದ ಆತನ ‘ಕಾಮನ್ ಸೆನ್ಸ್’ ಸ್ವಾತಂತ್ರ್ಯದ ವಾದವನ್ನು ಜನಸಾಮಾನ್ಯರ ಬಳಿಗೆ ಒಯ್ದಿತು. 1792ರ ಆಗಸ್ಟ್ 26ರಂದು ಫ್ರಾನ್ಸಿನ ಶಾಸನಸಭೆ ಆತನಿಗೂ ವಾಷಿಂಗ್ಟನ್, ಬೆಂಥಾಮ್ ಮೊದಲಾದ ಅನ್ಯದೇಶೀಯರಿಗೂ ಪೌರತ್ವವಿತ್ತು ಗೌರವಿಸಿತು. ಕೆಲವೇ ದಿನಗಳಲ್ಲಿ ಪಾ-ದ-ಕಲೆ ಪ್ರಾಂತ್ಯದ ಪ್ರತಿನಿಧಿಯಾಗಿ ಆತ ರಾಷ್ಟ್ರೀಯ ಕನ್ವೆನ್ಷನ್ನಿಗೆ ಆಯ್ಕೆಯಾದ. ಹದಿನಾರನೆಯ ಲೂಯಿಗೆ ಮರಣದಂಡನೆ ಬೇಡ, ಅಮೆರಿಕಕ್ಕೆ ಗಡೀಪಾರು ಸಾಕು ಎಂದು ವಾದಿಸಿದ್ದು ಉಗ್ರಪಕ್ಷದವರ ಕಣ್ಣಲ್ಲಿ ಆತನನ್ನು ಶಂಕಿತನನ್ನಾಗಿಸಿತು. ಬ್ರಿಟನ್ನಿನೊಡನೆ ಯುದ್ಧ ನಡೆಯುತ್ತಿದ್ದ 1793ರ ಡಿಸೆಂಬರಿನಲ್ಲಿ ಕನ್ವೆನ್ಷನ್ ಪರದೇಶದವರನ್ನು ತನ್ನಿಂದ ಹೊರಗಿಟ್ಟಿತು. ಪೇನ್ ಲಕ್ಸೆಂಬರ್ಗ್ ಸೆರೆಮನೆ ಸೇರಿದ. ಜೊತೆಯಲ್ಲೇ ಬಂಧಿತನಾದ, ಪ್ರಷ್ಯದ ಪ್ರಜೆಯಾಗಿ ಹುಟ್ಟಿದ ಅನಾಕಾರ್ಸಿಸ್ ಕ್ಲೂಟ್ಸ್ ಮರುವರ್ಷದ ಮಾರ್ಚಿನಲ್ಲಿ ಗಿಲಟಿನ್ನಿಗೆ ಬಲಿಯಾದ.

ಗ್ಯಾಲಟಿನ್ ಅಮೆರಿಕಕ್ಕೆ ಬಂದದ್ದು 1780ರಲ್ಲಿ. ವರ್ಜೀನಿಯದಲ್ಲಿ ನಿಷ್ಠೆಯ ಪ್ರಮಾಣ ಸ್ವೀಕರಿಸಿದ್ದು 1785ರಲ್ಲಿ. 1793ರಲ್ಲಿ ಪೆನ್ಸಿಲ್ವೇನಿಯ ಆತನನ್ನು ಸೆನೆಟ್ಟಿಗೆ ಆರಿಸಿತು. ಸಂವಿಧಾನದಂತೆ ಸೆನೆಟರನಿಗೆ ಒಂಬತ್ತು ವರ್ಷಗಳ ಪೌರತ್ವ ಇರಬೇಕು. ಆ ಲೆಕ್ಕ ತುಂಬಿಲ್ಲವೆಂಬ ದೂರು ಆತ ಸ್ಥಾನ ಸ್ವೀಕರಿಸಿದ ದಿನವೇ ಸಲ್ಲಿಕೆಯಾಯಿತು. ಈ ನಡುವೆ ಆತ ಖಜಾನೆಯ ಸವಿವರ ಲೆಕ್ಕವನ್ನು ಸದನದಲ್ಲಿ ಕೇಳಿದ. ಅದಕ್ಕೆ ಉತ್ತರಿಸಬೇಕಾಗಿದ್ದ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕೂಡ ವಲಸಿಗನೇ, ವೆಸ್ಟ್ ಇಂಡೀಸಿನ ನೆವಿಸ್ ದ್ವೀಪದಲ್ಲಿ ಹುಟ್ಟಿದವನು. ಅದುವರೆಗೆ ಮುಚ್ಚಿದ ಬಾಗಿಲೊಳಗೆ ಸೇರುತ್ತಿದ್ದ ಸೆನೆಟ್ ಈ ವಿಚಾರಣೆಗೆಂದು ಬಾಗಿಲು ತೆರೆಯಿತು. 1794ರ ಫೆಬ್ರವರಿ 28ರಂದು 14-12 ಮತಗಳಿಂದ, ಪಕ್ಷಗಳ ಗೆರೆಯಂತೆಯೇ, ಗ್ಯಾಲಟಿನ್‌ನ ಆಯ್ಕೆ ಅಸಿಂಧುವಾಯಿತು.

ಎರಡೂ ಪ್ರಕರಣಗಳು ಒಂದೇ ಬಗೆಯವಲ್ಲ. ಅಮೆರಿಕದಲ್ಲಿ ಅಡ್ಡಬಂದದ್ದು ಬರೆದಿಟ್ಟ ನಿಯಮ. ಅದನ್ನು ಬಳಸಿದವರ ಉದ್ದೇಶ ಏನೇ ಇರಲಿ, ಕಾಲ ಕಳೆದಂತೆ ಅಡ್ಡಿ ತಾನಾಗಿ ಕರಗುವಂಥದು. ಗ್ಯಾಲಟಿನ್ 1795ರಲ್ಲಿ ಪ್ರತಿನಿಧಿಸಭೆಯ ಸದಸ್ಯನಾಗಿ ಮರಳಿದ. 1798ರಲ್ಲಿ ಫೆಡರಲಿಸ್ಟರು ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 5ರಿಂದ 14 ವರ್ಷಕ್ಕೆ ಏರಿಸಿದರೂ 1802ರಲ್ಲಿ ಅದು ಮತ್ತೆ 5ಕ್ಕೆ ಇಳಿಯಿತು. 1801ರಿಂದ 1814ರವರೆಗೆ ಗ್ಯಾಲಟಿನ್ ಖಜಾನೆ ಕಾರ್ಯದರ್ಶಿಯಾಗಿದ್ದ. ಲೂಸಿಯಾನಾ ಖರೀದಿಯ ಹೊರೆ ಬಂದರೂ, 8 ಕೋಟಿ ಡಾಲರಿಗೆ ಮಿಕ್ಕಿದ್ದ ರಾಷ್ಟ್ರದ ಸಾಲ 1812ರ ವೇಳೆಗೆ ಸುಮಾರು 4.5 ಕೋಟಿಗೆ ಇಳಿದದ್ದು ಆತನ ಕಾಲದಲ್ಲಿ. ಫ್ರಾನ್ಸಿನಲ್ಲಾದರೋ ಪೌರತ್ವ ಕೊಟ್ಟದ್ದು ಒಂದು ಉತ್ಸಾಹ, ಕಿತ್ತುಕೊಂಡದ್ದು ಒಂದು ಭಯ. ಎರಡಕ್ಕೂ ಅಳತೆಗೋಲು ಇರಲಿಲ್ಲ.

ಹಾಗೆಂದು ಅಮೆರಿಕವನ್ನೇ ಮೆಚ್ಚಿ ಮುಗಿಸುವಂತಿಲ್ಲ. ಪೇನ್ ಬಿಡುಗಡೆಯಾದದ್ದು 1794ರ ನವೆಂಬರಿನಲ್ಲಿ, ಹೊಸ ರಾಯಭಾರಿ ಜೇಮ್ಸ್ ಮನ್ರೋ ಆತನನ್ನು ಅಮೆರಿಕದ ಪೌರನೆಂದು ಎತ್ತಿಹಿಡಿದ ಮೇಲೆ. ಆದರೆ 1806ರಲ್ಲಿ ನ್ಯೂ ರೋಶೆಲ್‌ನಲ್ಲಿ ಮತ ಹಾಕಲು ಹೋದಾಗ ಚುನಾವಣಾಧಿಕಾರಿ ಆತ ಅಮೆರಿಕದ ಪೌರನಲ್ಲವೆಂದು ಹಿಂದಿರುಗಿಸಿದ. ಆ ವೇಳೆಗೆ ಪೇನ್ ಧರ್ಮವಿಮರ್ಶೆಯಿಂದಲೂ ವಾಷಿಂಗ್ಟನ್ನರನ್ನು ಕಟುವಾಗಿ ಟೀಕಿಸಿದ್ದರಿಂದಲೂ ಹಲವರ ದ್ವೇಷಕ್ಕೆ ಗುರಿಯಾಗಿದ್ದ. ರಾಜನ ಪ್ರಾಣ ಉಳಿಸಲು ಮಾತಾಡಿದಾಗ ಪೇನ್ ಆಂಗ್ಲನಾದ. ಖಜಾನೆಯ ಲೆಕ್ಕ ಕೇಳಿದವನ ವರ್ಷಗಳನ್ನು ಸೆನೆಟ್ ಎಣಿಸಿತು. ಹಿತವಾದ ಮಾತಾಡಿದ ವಲಸಿಗನ ಊರು ಯಾವುದೆಂದು ಯಾರೂ ಕೇಳುವುದಿಲ್ಲ.

ಕನ್ನಡದಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳುಂಟು: ಬೇರೆ ದೇಶದವನು, ದಿಕ್ಕಿಲ್ಲದವನು. ಗ್ಯಾಲಟಿನ್ ಮೊದಲನೆಯ ಅರ್ಥದಲ್ಲಿ ಮಾತ್ರ ಪರದೇಶಿಯಾಗಿ ಉಳಿದ. 1809ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಪೇನ್‌ನ ಶವಸಂಸ್ಕಾರಕ್ಕೆ ಬಂದವರು ಬೆರಳೆಣಿಕೆಯಷ್ಟು ಜನ.