ಬರಗಾಲದಲ್ಲಿ ದೇವಸಾಮೀಪ್ಯ: ಭೀಮಾತೀರ ಮತ್ತು ಮದೀನಾ

ಇಂಡಿ ತಾಲ್ಲೂಕಿನ ಅಗರಖೇಡ ಭೀಮಾ ನದಿಯ ದಡದ ಊರು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಭಾಗದ ಹೊಲಗಳನ್ನು ಮುಳುಗಿಸಿದ್ದು ಎಲ್ಲರಿಗೂ ನೆನಪಿದೆ. ಆದರೆ ಈ ನೆಲದ ಜನರನ್ನು ಅದಕ್ಕಿಂತ ಕಠಿಣವಾಗಿ ಪರೀಕ್ಷಿಸಿದ್ದು ನೀರಿನ ಅಭಾವ. 1791–92ರ ಬರಕ್ಕೆ 'ತಲೆಬುರುಡೆಗಳ ಬರ' ಎಂದೇ ಹೆಸರು ಬಂದಿತು. ಹೂಳುವವರಿಲ್ಲದೆ ಸತ್ತವರ ಬುರುಡೆಗಳು ಬಯಲಿನಲ್ಲಿ ಬಿದ್ದಿದ್ದವು. ಅದರ ನಂತರ ಬಂದದ್ದು 1876–78ರ ಮಹಾಕ್ಷಾಮ.

ಈ ಸೀಮೆಯ ಎರೆ ಭೂಮಿಯಲ್ಲಿ ಬಿಳಿಜೋಳವು ಹಿಂಗಾರಿ ಬೆಳೆ. ಮಳೆಗಾಲದ ಕೊನೆಯಲ್ಲಿ ಮಣ್ಣು ಹೀರಿಕೊಂಡ ತೇವದ ಮೇಲೆಯೇ ಅದು ಚಳಿಗಾಲವಿಡೀ ಬದುಕಬೇಕು. 1876ರಲ್ಲಿ ಮುಂಗಾರು ಕ್ಷೀಣಿಸಿತು, ಹಿಂಗಾರು ಕೈಕೊಟ್ಟಿತು. ಬಿತ್ತುವುದಕ್ಕೂ ಹದವಿಲ್ಲದಾಯಿತು. ಹಗೇವುಗಳಲ್ಲಿದ್ದ ಕಾಳು ತೀರಿದ ಮೇಲೆ ಜನರು ಎತ್ತುಗಳನ್ನು ಮಾರಿದರು, ಅನಂತರ ಊರನ್ನೇ ತೊರೆದರು. ಆಗ ಕಲಾದಗಿ ಎಂದು ಕರೆಯಲ್ಪಡುತ್ತಿದ್ದ ಈ ಜಿಲ್ಲೆಯಲ್ಲಿ 1872ರ ಜನಗಣತಿಯಂತೆ 8 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಉಳಿದವರು ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರು ಇಲ್ಲವಾದರು ಎಂದರೆ, ಪ್ರತಿ ಮನೆಯ ಪಂಕ್ತಿಯಲ್ಲಿ ಒಂದು ತಟ್ಟೆ ಖಾಲಿಯಾಯಿತು ಎಂದು ಅರ್ಥ.

ಮಳೆಯನ್ನು ತಡೆಹಿಡಿದದ್ದು ಮನುಷ್ಯರಲ್ಲ, ನಿಜ. ಆದರೆ ಮುಂದಿನದೆಲ್ಲ ಮನುಷ್ಯರ ಕೃತ್ಯ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ವೈಭವದ ದರ್ಬಾರು ನಡೆಯಿತು. ಅದೇ ತಿಂಗಳು ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಕಾಸಿಗೆ ಇಳಿಸಿದನು. ಕಲ್ಲು ಹೊರುವ ದೇಹಕ್ಕೆ ಅರ್ಧ ಕಿಲೋಗಿಂತಲೂ ಕಡಿಮೆ! ಬೊಂಬಾಯಿ ಪ್ರಾಂತ್ಯದಲ್ಲಿ ಸಾವಿರಾರು ಮಂದಿ ಪ್ರತಿಭಟಿಸಿ ಕಾಮಗಾರಿಯನ್ನೇ ಬಿಟ್ಟು ನಡೆದರು. ಈ ನಡುವೆ ಭಾರತದ ಗೋಧಿ ಇಂಗ್ಲೆಂಡಿಗೆ ರಫ್ತಾಗುತ್ತಲೇ ಇತ್ತು.

ಇಂತಹ ಕಾಲದಲ್ಲಿ ಅಲ್ಲಾಹನ ಸಾಮೀಪ್ಯವನ್ನು ಎಲ್ಲಿ ಅರಸಬೇಕು? ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯವು ಪರೀಕ್ಷೆಯ ರೂಪಗಳನ್ನು ಹೆಸರಿಸುವಾಗ ಭಯದ ಬೆನ್ನಿಗೇ ಹಸಿವನ್ನು ಹೇಳುತ್ತದೆ. ಬಳಿಕ ಸಂಪತ್ತು, ಜೀವ ಮತ್ತು ಫಲಗಳ ನಷ್ಟವನ್ನು ಹೇಳುತ್ತದೆ. ಅದಕ್ಕೆ ತುಸು ಮೊದಲೇ, ಸಹನಶೀಲರ ಜೊತೆಗೆ ಅಲ್ಲಾಹನಿದ್ದಾನೆ ಎಂಬ ಆಶ್ವಾಸನೆಯಿದೆ. ಆದರೆ ಹೊಟ್ಟೆ ತುಂಬಿದವನು ಹಸಿದವನ ಮುಂದೆ ಈ ವಚನವನ್ನು ಓದಿ ಹೊರಟುಹೋದರೆ ಅದು ಉಪದೇಶವಲ್ಲ, ಕ್ರೌರ್ಯ. ಆ ವಚನವನ್ನು ಪ್ರವಾದಿ(ಸ)ರ ಅನುಚರರು ಹೇಗೆ ಬಾಳಿದರು ಎಂಬುದನ್ನು ಹಿಜರಿ 18ನೇ ವರ್ಷದ ಇತಿಹಾಸದಲ್ಲಿ ಕಾಣಬಹುದು.

ಆ ವರ್ಷ ಹಿಜಾಝ್ ಪ್ರದೇಶದ ನೆಲ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತು. ಅದಕ್ಕೇ 'ಆಮುರ್ರಮಾದ', ಅಂದರೆ ಬೂದಿಯ ವರ್ಷ ಎಂಬ ಹೆಸರು. ಮರುಭೂಮಿಯ ಬುಡಕಟ್ಟುಗಳು ಮದೀನಾದ ಸುತ್ತ ಬಂದು ಬೀಡುಬಿಟ್ಟವು. ಖಲೀಫ ಉಮರ್(ರ) ಸಿರಿಯಾ ಮತ್ತು ಇರಾಕಿನ ಅಧಿಕಾರಿಗಳಿಗೆ ಪತ್ರ ಬರೆದು ಧಾನ್ಯ ತರಿಸಿದರು. ಅಬೂ ಉಬೈದಾ(ರ) ಸ್ವತಃ ಒಂಟೆಗಳ ಸಾಲಿನೊಂದಿಗೆ ಬಂದರೆಂದು ತಬರಿ ದಾಖಲಿಸಿದ್ದಾರೆ. ಜನರ ಸಂಕಷ್ಟ ನೀಗುವವರೆಗೆ ತುಪ್ಪ, ಮಾಂಸಗಳನ್ನು ಮುಟ್ಟುವುದಿಲ್ಲವೆಂದು ಖಲೀಫರು ಶಪಥಗೈದರು. ರೊಟ್ಟಿ, ಎಣ್ಣೆಯಲ್ಲೇ ದಿನ ಕಳೆದು ಅವರ ಮೈಬಣ್ಣ ಕಪ್ಪಿಟ್ಟಿತು. ಆ ವರ್ಷ ಝಕಾತ್ ವಸೂಲಿಯನ್ನು ಮುಂದೂಡಿದರು, ಹಸಿವಿನಿಂದ ಕದ್ದವನಿಗೆ ಶಿಕ್ಷೆಯನ್ನು ತಡೆಹಿಡಿದರು. ಇವೆಲ್ಲವುಗಳ ಜೊತೆಗೆ ಪ್ರವಾದಿವರ್ಯ(ಸ)ರ ಚಿಕ್ಕಪ್ಪ ಅಬ್ಬಾಸ್(ರ)ರನ್ನು ಮುಂದಿಟ್ಟುಕೊಂಡು ಮಳೆಗಾಗಿ ಪ್ರಾರ್ಥಿಸಿದರು. ಮಳೆಯ ಪ್ರಾರ್ಥನೆಗೆ ಎತ್ತಿದ ಕೈಗಳು ಅಷ್ಟರಲ್ಲಾಗಲೇ ಹಿಟ್ಟು ಹೊತ್ತಿದ್ದವು. ನಮ್ಮ ಊರುಗಳ ಈದ್ಗಾಗಳಲ್ಲಿ ಇಸ್ತಿಸ್ಕಾ ನಮಾಝ್‌ಗೆ ಸೇರುವಾಗ ಈ ಕ್ರಮವನ್ನು ನಾವು ಮರೆಯುವುದೇ ಹೆಚ್ಚು.

ಅಬೂ ಹುರೈರಾ(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸಿನಲ್ಲಿ ಸೂಕ್ಷ್ಮವೊಂದಿದೆ. ಅಂತಿಮ ದಿನ ಅಲ್ಲಾಹನು ಆದಮನ ಸಂತತಿಯನ್ನು ವಿಚಾರಿಸುವನು. ಹಸಿದವನಿಗೆ ಉಣಿಸಿದ್ದರೆ ಆ ಅನ್ನವನ್ನು ತನ್ನ ಬಳಿ ಕಾಣುತ್ತಿದ್ದೆ ಎನ್ನುವನು. ರೋಗಿಯ ವಿಷಯ ಬಂದಾಗ ಮಾತು ಬದಲಾಗುತ್ತದೆ: ಅವನನ್ನು ಸಂದರ್ಶಿಸಿದ್ದರೆ ಅವನ ಬಳಿ ತನ್ನನ್ನೇ ಕಾಣುತ್ತಿದ್ದೆ ಎಂಬ ಆಶಯ ಅಲ್ಲಿದೆ. ಕೊಡಲು ಏನೂ ಇಲ್ಲದವನಿಗೂ ಬಳಿಯಲ್ಲಿ ಕುಳಿತುಕೊಳ್ಳುವ ದಾರಿಯಿದೆ. 1877ರ ಬರಪೀಡಿತ ಹಳ್ಳಿಗಳಲ್ಲಿ ಬಹುಪಾಲು ಜನರಿಗೆ ಉಳಿದಿದ್ದ ಸತ್ಕರ್ಮ ಇದೊಂದೇ.

ಕೊನೆಗೆ ಮಳೆ ಬಂತು. ಬೀಡುಬಿಟ್ಟಿದ್ದ ಬುಡಕಟ್ಟುಗಳು ತಮ್ಮ ನೆಲಕ್ಕೆ ಮರಳತೊಡಗಿದಾಗ ಉಮರ್(ರ) ಅವರನ್ನು ನೋಡುತ್ತ ಕಣ್ಣೀರಿಟ್ಟರು. ಈ ಸಂಕಟದಲ್ಲಿ ನೀವು ಘನವಾಗಿ ನಡೆದುಕೊಂಡಿರಿ ಎಂದು ಒಬ್ಬನು ಹೊಗಳಿದನು. ಖಲೀಫರು ಅವನನ್ನು ಗದರಿದರು. ತನ್ನ ಸ್ವಂತದ್ದನ್ನೋ ತಂದೆ ಖತ್ತಾಬರ ಸಂಪತ್ತನ್ನೋ ಕೊಟ್ಟಿದ್ದರೆ ಆ ಮಾತು ಸಲ್ಲುತ್ತಿತ್ತು, ತಾನು ಖರ್ಚು ಮಾಡಿದ್ದು ಅಲ್ಲಾಹನ ಸಂಪತ್ತನ್ನು ಎಂದರು.